ಅಮೆರಿಕದ ಶಾಲಾ ಜಿಲ್ಲೆಗಳಲ್ಲಿ ದಾಖಲಾತಿ ಏರಿಳಿತ: ಮುಂದಿನ ಹತ್ತು ವರ್ಷದ ಲೆಕ್ಕ ಹಾಕುವುದು ಹೇಗೆ?

ಅಂಕಿಮನೆ

ಅಮೆರಿಕದಲ್ಲಿ 13,000ಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿವೆ. ನಮ್ಮ ಕಂದಾಯ ಜಿಲ್ಲೆಗಳಂತಲ್ಲ ಅವು. ಬಹುಪಾಲು ಜಿಲ್ಲೆಗಳಿಗೆ ಚುನಾಯಿತ ಮಂಡಳಿ ಇರುತ್ತದೆ, ಸ್ವಂತ ಬಜೆಟ್ ಇರುತ್ತದೆ, ಕಟ್ಟಡಗಳೂ ಬಸ್ಸುಗಳೂ ಅವುಗಳ ಹೊಣೆಯೇ. ಕೆಲವು ನೂರು ಮಕ್ಕಳಿರುವ ಜಿಲ್ಲೆ ಇದೆ. ಹವಾಯಿಯಂತೆ ಇಡೀ ರಾಜ್ಯವೇ ಒಂದು ಜಿಲ್ಲೆ ಆಗಿರುವುದೂ ಇದೆ. ಮುಂದಿನ ವರ್ಷ ಎಷ್ಟು ಮಕ್ಕಳು ಬರುತ್ತಾರೆ ಅನ್ನುವ ಲೆಕ್ಕ ತಪ್ಪಿದರೆ ಶಿಕ್ಷಕರ ನೇಮಕ, ಕೊಠಡಿ, ಬಸ್ಸು, ಹಣ ಎಲ್ಲವೂ ತಪ್ಪುತ್ತವೆ. ಹಾಗಾಗಿ ಈ ಲೆಕ್ಕವನ್ನು ಬಿಡಿಸಿ ಮಾತಾಡೋಣ ಅಂತ ಈ ಎಳೆ.

ಮೊದಲು ಹಿನ್ನೆಲೆ. 2007ರಲ್ಲಿ ಅಮೆರಿಕದಲ್ಲಿ 43.16 ಲಕ್ಷ ಮಕ್ಕಳು ಹುಟ್ಟಿದರು, ಅದೇ ಅಲ್ಲಿನ ದಾಖಲೆ. 2020ರಲ್ಲಿ ಹುಟ್ಟಿದವರು 36.14 ಲಕ್ಷ. 2007ರ ಮಕ್ಕಳು 2012ರಲ್ಲಿ 1ನೇ ತರಗತಿಗೆ ಹಿಂದಿನ ತರಗತಿಯಾದ ಕಿಂಡರ್‌ಗಾರ್ಟನ್‌ಗೆ ಸೇರಿ 2025ರಲ್ಲಿ 12ನೇ ತರಗತಿ ಮುಗಿಸಿದರು. ಅಂದರೆ ಪ್ರಾಥಮಿಕ ಶಾಲೆಗಳಲ್ಲಿ ಇಳಿತ ಶುರುವಾಗಿ ವರ್ಷಗಳೇ ಆದವು. ಹೈಸ್ಕೂಲುಗಳಿಗೆ ಅದು ಈಗ ತಲುಪುತ್ತಿದೆ. ಇಂಥ ಇಳಿತ ಹಿಂದೆಯೂ ಆಗಿತ್ತು. ಸರ್ಕಾರಿ ಶಾಲೆಗಳ ದಾಖಲಾತಿ 1971ರಲ್ಲಿ ಸುಮಾರು 4.6 ಕೋಟಿ ಇದ್ದದ್ದು 1984ಕ್ಕೆ 3.92 ಕೋಟಿಗೆ ಬಂದು, ಮತ್ತೆ ಏರಿತು. ಆಗ ಮಾರಿಕೊಂಡ ಕಟ್ಟಡಗಳು ಆಮೇಲೆ ಬೇಕಾದಾಗ ಕೈಯಲ್ಲಿರಲಿಲ್ಲ.

ಲೆಕ್ಕದ ಮೂಲ ಸರಳ. ಒಂದು ಬ್ಯಾಚ್ ಒಂದು ತರಗತಿಯಿಂದ ಮುಂದಿನದಕ್ಕೆ ಹೋಗುವಾಗ ಎಷ್ಟು ಮಂದಿ ಉಳಿದರು ಅಂತ ನೋಡುವುದು. ಕಳೆದ ವರ್ಷ 1ನೇ ತರಗತಿಯಲ್ಲಿ 850 ಇದ್ದರು, ಈ ವರ್ಷ 2ನೇ ತರಗತಿಯಲ್ಲಿ 867 ಇದ್ದಾರೆ ಅಂದರೆ ಅನುಪಾತ 1.02. ಬಿಟ್ಟು ಹೋದವರಿಗಿಂತ ಹೊಸದಾಗಿ ಬಂದವರು 17 ಹೆಚ್ಚು ಎಂದರ್ಥ. ಹೀಗೆ 12 ಅನುಪಾತಗಳು ಸಿಗುತ್ತವೆ. ಕಿಂಡರ್‌ಗಾರ್ಟನ್‌ಗೆ ಹಿಂದಿನ ತರಗತಿ ಇಲ್ಲವಾದ್ದರಿಂದ ಐದು ವರ್ಷ ಹಿಂದಿನ ಜನನ ಸಂಖ್ಯೆಯಿಂದ ಭಾಗಿಸಬೇಕು.

ಉದಾಹರಣೆಗೆ ಒಂದು ಜಿಲ್ಲೆ:

2017ರ ಜನನ 1,000 → 2022ರ ಕಿಂಡರ್‌ಗಾರ್ಟನ್ 920, ಅನುಪಾತ 0.92
2018ರ ಜನನ 960 → 2023ರಲ್ಲಿ 864, ಅನುಪಾತ 0.90
2019ರ ಜನನ 940 → 2024ರಲ್ಲಿ 827, ಅನುಪಾತ 0.88
2020ರ ಜನನ 900 → 2025ರಲ್ಲಿ ಎಷ್ಟು?

ಮೂರು ವರ್ಷದ ಸರಾಸರಿ 0.90 ಹಾಕಿದರೆ 810. ಹೆಚ್ಚಿನ ವರದಿಗಳು ಇಲ್ಲಿಗೇ ನಿಲ್ಲುತ್ತವೆ. ನನ್ನ ತಕರಾರು ಇರುವುದೇ ಇಲ್ಲಿ: ಅನುಪಾತ ಯಾಕೆ ಕುಸಿಯುತ್ತಿದೆ ಅಂತ ಕೇಳದೆ ಸರಾಸರಿ ಹಾಕುವುದೆಂದರೆ ಹಿಂದೆ ಆದದ್ದನ್ನೇ ಮುಂದಕ್ಕೂ ಎಳೆಯುವುದು.

ಸಂಪಿಗೆ

ನಿಮ್ಮ ಕೋಷ್ಟಕದಲ್ಲಿ ಪ್ರತಿ ವರ್ಷ 0.02 ಇಳಿಯುತ್ತಿದೆ. ಅದೇ ಜಾಡು ಮುಂದುವರಿದರೆ 0.86, ಅಂದರೆ 774 ಮಕ್ಕಳು. 810ಕ್ಕೂ 774ಕ್ಕೂ 36ರ ವ್ಯತ್ಯಾಸ. 24 ಮಕ್ಕಳ ಸೆಕ್ಷನ್ ಆದರೆ ಒಂದೂವರೆ ಸೆಕ್ಷನ್, ಒಂದೂವರೆ ಶಿಕ್ಷಕರ ಸಂಬಳ. ಯಾವುದನ್ನು ನಂಬೋದು?

ಗಣಿತಪ್ರಿಯ

ಸಂಪಿಗೆಯವರೇ, ಕುರುಡಾಗಿ ಎರಡನ್ನೂ ನಂಬಬೇಡಿ. ಹತ್ತಿರದ ವರ್ಷಕ್ಕೆ ಹೆಚ್ಚು ತೂಕ ಕೊಡುವುದು ಸಾಮಾನ್ಯ ಪದ್ಧತಿ. 1, 2, 3 ಅಂತ ತೂಕ ಕೊಟ್ಟರೆ (0.92 + 1.80 + 2.64) ÷ 6 = 0.893, ಅಂದರೆ 804. ಆದರೆ ಇದೂ ಸರಾಸರಿಯೇ. ಅನುಪಾತ ಸತತವಾಗಿ ಇಳಿಯುತ್ತಿದ್ದರೆ ಯಾವ ಸರಾಸರಿಯೂ ಕೊನೆಯ ವರ್ಷದ ಮಟ್ಟಕ್ಕೆ ಇಳಿಯುವುದಿಲ್ಲ. ಜಾಡನ್ನೇ ಹಿಡಿದು ಹತ್ತು ವರ್ಷ ಎಳೆದರೆ 0.68ಕ್ಕೆ ಬಂದು ನಿಲ್ಲುತ್ತೀರಿ, ಅದೂ ಅಸಂಬದ್ಧ. ಸಾಮಾನ್ಯವಾಗಿ ಮಾಡಬೇಕಾದದ್ದು: ಮೊದಲ ಒಂದೆರಡು ವರ್ಷಕ್ಕೆ ಜಾಡು ಬಳಸಿ, ಆಮೇಲೆ ಅಲ್ಲೇ ಸ್ಥಿರವಾಗಿಡಿ.

ಇದಕ್ಕಿಂತ ಮುಖ್ಯವಾದದ್ದು ವಿಚಿತ್ರ ವರ್ಷಗಳನ್ನು ಏನು ಮಾಡುತ್ತೀರಿ ಅನ್ನುವುದು. ಎರಡು ಬಗೆಯವು ಇವೆ, ಎರಡಕ್ಕೂ ವಿರುದ್ಧ ಚಿಕಿತ್ಸೆ.

ಮೊದಲನೆಯದು ಕೋವಿಡ್ ಬಂದ 2020. ದೇಶದ ಸರ್ಕಾರಿ ಶಾಲೆಗಳ ದಾಖಲಾತಿ ಒಂದೇ ವರ್ಷದಲ್ಲಿ ಸುಮಾರು 5.08 ಕೋಟಿಯಿಂದ 4.94 ಕೋಟಿಗೆ ಬಿತ್ತು. ಅತಿ ಹೆಚ್ಚು ಪೆಟ್ಟು ತಿಂದದ್ದು ಶಾಲಾಪೂರ್ವ ಮತ್ತು ಕಿಂಡರ್‌ಗಾರ್ಟನ್ ತರಗತಿಗಳು. ಮಕ್ಕಳನ್ನು ಒಂದು ವರ್ಷ ತಡೆದ, ಇಲ್ಲವೇ ಬೇರೆ ಕಡೆ ಸೇರಿಸಿದ ಪೋಷಕರು ಬಹಳ. 2021ರಲ್ಲಿ ಅವರಲ್ಲಿ ಕೆಲವರು ಮರಳಿದ್ದರಿಂದ ಎಷ್ಟೋ ಕಡೆ ಕಿಂಡರ್‌ಗಾರ್ಟನ್‌ನಿಂದ 1ನೇ ತರಗತಿಯ ಅನುಪಾತ ಅಸಹಜವಾಗಿ ಮೇಲೆ ಹೋಯಿತು. ಈ ಎರಡೂ ವರ್ಷದ ಅನುಪಾತಗಳನ್ನು ಸರಾಸರಿಯಿಂದ ತೆಗೆದುಹಾಕಬೇಕು. ಒಂದನ್ನು ಮಾತ್ರ ತೆಗೆದು ಇನ್ನೊಂದನ್ನು ಬಿಟ್ಟರೆ ಲೆಕ್ಕ ಇನ್ನೂ ಕೆಡುತ್ತದೆ.

ಎರಡನೆಯದು, ಪಕ್ಕದಲ್ಲಿ ಚಾರ್ಟರ್ ಶಾಲೆ (ಸರ್ಕಾರದ ಹಣದಲ್ಲಿ, ಆದರೆ ಸ್ವತಂತ್ರವಾಗಿ ನಡೆಯುವ ಶಾಲೆ) ತೆರೆದ ವರ್ಷ. 5ನೇ ತರಗತಿಯ 600 ಮಕ್ಕಳಲ್ಲಿ 540 ಮಂದಿ ಮಾತ್ರ 6ಕ್ಕೆ ಬಂದರು, ಅನುಪಾತ 0.90. ಹಿಂದಿನ ನಾಲ್ಕು ವರ್ಷ 1.00 ಇತ್ತು. ಐದು ವರ್ಷದ ಸರಾಸರಿ 0.98. ಆ ಚಾರ್ಟರ್ ಪ್ರತಿ ವರ್ಷ 60 ಮಕ್ಕಳನ್ನು ತೆಗೆದುಕೊಳ್ಳುವುದಾದರೆ ನಿಜವಾದ ಅನುಪಾತ ಮುಂದೆಯೂ 0.90. ಇಲ್ಲಿ ತೆಗೆಯಬೇಕಾದದ್ದು ಹಳೆಯ ನಾಲ್ಕು ವರ್ಷಗಳನ್ನು! ಜೊತೆಗೆ, 6ರಿಂದ 7ಕ್ಕೆ ಅನುಪಾತ ಮತ್ತೆ 1.00ಕ್ಕೆ ಬರುತ್ತದೆ, ಏಕೆಂದರೆ ಹೋಗುವವರು ಆಗಲೇ ಹೋಗಿದ್ದಾರೆ.

ಸ್ಪ್ರೆಡ್‌ಶೀಟ್‌ಗೆ ಈ ಎರಡು ವರ್ಷಗಳೂ ಒಂದೇ ಥರ ಕಾಣುತ್ತವೆ. ಕಾರಣ ಗೊತ್ತಿರುವ ಮನುಷ್ಯನೇ ಬೇರ್ಪಡಿಸಬೇಕು. ಅದಕ್ಕೆ ಪ್ರತಿ ಅನುಪಾತದ ಪಕ್ಕದಲ್ಲಿ ಒಂದು ಟಿಪ್ಪಣಿ ಕಾಲಂ ಇಡಿ: ಯಾವ ವರ್ಷ ಯಾವ ಶಾಲೆ ತೆರೆಯಿತು, ಯಾವ ಕಾರ್ಖಾನೆ ಮುಚ್ಚಿತು, ಯಾವ ನಿಯಮ ಬದಲಾಯಿತು.

ಇನ್ನೊಂದು. ತಪ್ಪು ಅನುಪಾತ ಬಡ್ಡಿಯ ಮೇಲೆ ಬಡ್ಡಿಯಂತೆ ಬೆಳೆಯುತ್ತದೆ. 800 ಮಕ್ಕಳ ಬ್ಯಾಚ್‌ಗೆ 1.02 ಅಂತ ಐದು ಸಲ ಗುಣಿಸಿದರೆ 883. ನಿಜಕ್ಕೂ ಅದು 1.00 ಆಗಿದ್ದರೆ 83 ಮಕ್ಕಳು ಕಾಗದದ ಮೇಲೆ ಮಾತ್ರ ಇರುತ್ತಾರೆ.

ಸಂಪಿಗೆ

ಜನನ ಸಂಖ್ಯೆ ತೆಗೆದುಕೊಳ್ಳುವಾಗ ತಾಯಿಯ ವಾಸಸ್ಥಳದ ಪ್ರಕಾರ ಇರುವ ಪಟ್ಟಿಯನ್ನೇ ಕೇಳಿ. ಹೆರಿಗೆ ಆದ ಸ್ಥಳದ ಪಟ್ಟಿ ತೆಗೆದುಕೊಂಡರೆ ದೊಡ್ಡ ಆಸ್ಪತ್ರೆ ಇರುವ ಜಿಲ್ಲೆಯಲ್ಲಿ ಸುತ್ತಮುತ್ತಲ ಊರಿನ ಕೂಸುಗಳೆಲ್ಲ ಸೇರಿಬಿಡುತ್ತವೆ. ಜೊತೆಗೆ ಪಿನ್‌ಕೋಡ್ ಗಡಿ ಬೇರೆ, ಶಾಲಾ ಜಿಲ್ಲೆಯ ಗಡಿ ಬೇರೆ. ಹೊಂದಿಸದಿದ್ದರೂ ನಡೆಯುತ್ತದೆ, ಆದರೆ ಎಲ್ಲ ವರ್ಷಕ್ಕೂ ಒಂದೇ ಪ್ರದೇಶ ಇರಬೇಕು. 1,000 ಜನನಕ್ಕೆ 600 ಮಕ್ಕಳು ಬಂದರೂ ಚಿಂತೆಯಿಲ್ಲ, ಅನುಪಾತ ಸ್ಥಿರವಾಗಿದ್ದರೆ ಸಾಕು.

ವಯಸ್ಸಿನ ನಿಯಮವನ್ನೂ ನೋಡಿ. ಕ್ಯಾಲಿಫೋರ್ನಿಯಾ 2010ರಲ್ಲಿ ಮಾಡಿದ ಕಾನೂನಿನಂತೆ ಕಿಂಡರ್‌ಗಾರ್ಟನ್‌ಗೆ ಐದು ತುಂಬಬೇಕಾದ ದಿನವನ್ನು ಡಿಸೆಂಬರ್ 2ರಿಂದ ಸೆಪ್ಟೆಂಬರ್ 1ಕ್ಕೆ ತಂದರು. 2012, 2013, 2014, ಮೂರು ವರ್ಷದಲ್ಲಿ ವರ್ಷಕ್ಕೊಂದು ತಿಂಗಳಂತೆ. ಆ ಮೂರೂ ವರ್ಷ ಕಿಂಡರ್‌ಗಾರ್ಟನ್ ವಯಸ್ಸಿಗೆ ಬಂದದ್ದು 11 ತಿಂಗಳಲ್ಲಿ ಹುಟ್ಟಿದವರು ಮಾತ್ರ. 12ರಲ್ಲಿ ಒಂದು ತಿಂಗಳು ಅಂದರೆ ಸುಮಾರು 8%. ಒಂದು ಮಗುವೂ ಊರು ಬಿಡದೆ ಬ್ಯಾಚ್ ಅಷ್ಟು ಸಣ್ಣದಾಯಿತು. ಆ ಸಣ್ಣ ಬ್ಯಾಚ್‌ಗಳು ಹೈಸ್ಕೂಲ್ ಮುಗಿಸುವವರೆಗೂ ಸಣ್ಣವಾಗಿಯೇ ಇರುತ್ತವೆ.

ಹೀಗೆ ವಯಸ್ಸು ಸಾಲದೆ ಹೊರಗುಳಿದ ಮಕ್ಕಳಿಗಾಗಿ, ಕಿಂಡರ್‌ಗಾರ್ಟನ್‌ಗಿಂತ ಒಂದು ವರ್ಷ ಮುಂಚಿನ ತರಗತಿಯಾಗಿ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್ ಶುರುವಾಯಿತು, 2025–26ರ ಹೊತ್ತಿಗೆ ಅದು ಸೆಪ್ಟೆಂಬರ್ 1ಕ್ಕೆ ನಾಲ್ಕು ತುಂಬಿದ ಎಲ್ಲ ಮಕ್ಕಳಿಗೂ ತೆರೆಯಿತು. ಈ ತರಗತಿಯ ಮಕ್ಕಳನ್ನು ಕಿಂಡರ್‌ಗಾರ್ಟನ್ ಜೊತೆಗೇ ಎಣಿಸಿದ ಹಳೆಯ ಕೋಷ್ಟಕ ಸಿಕ್ಕರೆ ಮೊದಲು ಬೇರ್ಪಡಿಸಿಕೊಳ್ಳಿ. ಇಲ್ಲದಿದ್ದರೆ ಕಿಂಡರ್‌ಗಾರ್ಟನ್ ಉಬ್ಬಿ, 1ನೇ ತರಗತಿಗೆ ಬರುವಷ್ಟರಲ್ಲಿ ಮಕ್ಕಳು ಓಡಿಹೋದಂತೆ ಕಾಣುತ್ತದೆ.

ನಕ್ಷೆಗಾರ

ಇಲ್ಲಿಯವರೆಗೆ ಎಲ್ಲರೂ ಜಿಲ್ಲೆಯ ಒಟ್ಟು ಲೆಕ್ಕ ಹೇಳಿದಿರಿ. ಶಾಲೆ ಶಾಲೆಗೆ ಇಳಿದರೆ ಮನೆಗಳ ಲೆಕ್ಕ ಬೇಕೇ ಬೇಕು, ಏಕೆಂದರೆ ಹಿಂದೆ ಮನೆಯೇ ಇರದ ಜಾಗದಲ್ಲಿ ಹಳೆಯ ಅನುಪಾತ ಏನನ್ನೂ ಹೇಳುವುದಿಲ್ಲ.

ಪ್ರತಿ ಮನೆಗೆ ಸರಾಸರಿ ಎಷ್ಟು ಶಾಲಾ ಮಕ್ಕಳು ಅನ್ನುವ ಅಂಕಿಯನ್ನು ನಿಮ್ಮದೇ ಜಿಲ್ಲೆಯಿಂದ ತೆಗೆಯಬೇಕು, ಪಕ್ಕದ ಜಿಲ್ಲೆಯ ವರದಿಯಿಂದ ನಕಲು ಮಾಡಬಾರದು. ಕ್ರಮ ಹೀಗೆ: ಅಕ್ಟೋಬರ್‌ನಲ್ಲಿ ಮಾಡುವ ಮಕ್ಕಳ ಎಣಿಕೆಯಿಂದ ವಿದ್ಯಾರ್ಥಿ ವಿಳಾಸಗಳನ್ನು ನಕ್ಷೆಯ ಮೇಲೆ ಬಿಂದುಗಳಾಗಿ ಇಡಿ. ತೆರಿಗೆ ಇಲಾಖೆಯ ಆಸ್ತಿ ನಕ್ಷೆಯನ್ನು ಅದರ ಮೇಲೆ ಹಾಸಿ. ಪ್ರತಿ ಆಸ್ತಿಗೂ ಮನೆಯ ಬಗೆ ಮತ್ತು ಕಟ್ಟಿದ ವರ್ಷ ಸಿಗುತ್ತದೆ. ಈಗ ಬಗೆವಾರು ಭಾಗಿಸಿ. 400 ಬಿಡಿ ಮನೆಗಳಲ್ಲಿ 200 ಮಕ್ಕಳಿದ್ದರೆ 0.50, 400 ಅಪಾರ್ಟ್‌ಮೆಂಟ್‌ಗಳಲ್ಲಿ 60 ಇದ್ದರೆ 0.15. ಇದನ್ನು ಮತ್ತೆ ಕಿಂಡರ್‌ಗಾರ್ಟನ್–5, 6–8, 9–12 ಅಂತ ಒಡೆಯಿರಿ. ಒಂದು ಮಲಗುಕೋಣೆಯ ಅಪಾರ್ಟ್‌ಮೆಂಟ್‌ಗೂ ಮೂರರದ್ದಕ್ಕೂ ಅಜಗಜಾಂತರ, ಆದ್ದರಿಂದ ಸಾಧ್ಯವಾದರೆ ಅದನ್ನೂ ಬೇರ್ಪಡಿಸಿ.

ವಿಳಾಸ ನಕ್ಷೆಗೆ ತಾಳೆಯಾಗದ ಮಕ್ಕಳನ್ನು "ಬರೀ 4% ಬಿಡಿ" ಅಂತ ಕೈಬಿಡಬಾರದು. ಹಾಗೆ ತಾಳೆಯಾಗದವರು ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ಹೊಸ ಬಡಾವಣೆಯ ಬೀದಿ ನಕ್ಷೆಗೆ ಇನ್ನೂ ಬಂದಿರುವುದಿಲ್ಲ. ಮೋಟೆಲ್‌ನಲ್ಲೋ ಇನ್ನೊಬ್ಬರ ಮನೆಯಲ್ಲೋ ತಂಗಿರುವ ಕುಟುಂಬಗಳ ವಿಳಾಸ ಅಸ್ಪಷ್ಟ ಇರುತ್ತದೆ. ಅಂದರೆ ಅತಿ ಬೇಗ ಬೆಳೆಯುವ ಜಾಗ ಮತ್ತು ಅತಿ ಕಷ್ಟದಲ್ಲಿರುವ ಮಕ್ಕಳು, ಇವರೇ ಲೆಕ್ಕದಿಂದ ಹೊರಗೆ ಬೀಳುತ್ತಾರೆ. ಒಂದೊಂದಾಗಿ ಕೈಯಲ್ಲೇ ಸರಿಪಡಿಸಿ.

ನಿರ್ಮಾಣದ ಪಟ್ಟಿಯಲ್ಲಿ ಹಂತಗಳನ್ನು ಬೆರೆಸಬೇಡಿ. ಅರ್ಜಿ ಹಾಕಿದ್ದು, ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು, ಪರವಾನಗಿ ಪಡೆದದ್ದು, ಕಟ್ಟುತ್ತಿರುವುದು, ವಾಸಕ್ಕೆ ಬಿಟ್ಟದ್ದು, ಎಲ್ಲ ಬೇರೆ ಬೇರೆ. ಕಟ್ಟುತ್ತಿರುವ ಮನೆಯನ್ನು ಒಂದೆರಡು ವರ್ಷದೊಳಗೆ ಎಣಿಸಬಹುದು. ಬರೀ ಅರ್ಜಿ ಹಾಕಿದ ಬಡಾವಣೆ ಬಡ್ಡಿದರ ಏರಿದರೆ ಹತ್ತು ವರ್ಷ ಹಾಗೇ ಬಿದ್ದಿರಬಹುದು. ಬಿಲ್ಡರ್ ಹೇಳುವ ವೇಳಾಪಟ್ಟಿ ಹೆಚ್ಚಾಗಿ ಆಶಾವಾದಿ. ಅವರು ಹಿಂದೆ ತಿಂಗಳಿಗೆ ಎಷ್ಟು ಮನೆ ಕೊಟ್ಟಿದ್ದಾರೆ ಅನ್ನುವುದನ್ನು ವಾಸಯೋಗ್ಯ ಪ್ರಮಾಣಪತ್ರಗಳಲ್ಲಿ ಎಣಿಸಿ ನೋಡಿ.

ಹೊಸ ಮನೆಯ ಮಗು ಎಲ್ಲವೂ ಜಿಲ್ಲೆಗೆ ಹೊಸದಲ್ಲ ಅನ್ನುವುದನ್ನೂ ಮರೆಯಬಾರದು. ಅದೇ ಜಿಲ್ಲೆಯ ಬಾಡಿಗೆ ಮನೆಯಿಂದ ಬಂದವರೂ ಇರುತ್ತಾರೆ. ಶಾಲೆಯ ಲೆಕ್ಕಕ್ಕೆ ಅವರು ಹೊಸಬರು, ಜಿಲ್ಲೆಯ ಒಟ್ಟಿಗೆ ಅಲ್ಲ. ಅದಲ್ಲದೆ ಅನುಪಾತದೊಳಗೇ ಹಿಂದಿನ ನಿರ್ಮಾಣದ ಪರಿಣಾಮ ಸೇರಿಕೊಂಡಿರುತ್ತದೆ. 1.02ರಲ್ಲಿ ಆ 0.02 ಬಂದದ್ದೇ ಹೊಸ ಬಡಾವಣೆಗಳಿಂದ ಆಗಿದ್ದರೆ, ಅದರ ಮೇಲೆ ಮತ್ತೆ ಹೊಸ ಮನೆಗಳನ್ನು ಕೂಡಿಸುವುದು ಒಂದೇ ಮಗುವನ್ನು ಎರಡು ಸಲ ಎಣಿಸಿದಂತೆ. ನಾನು ನೋಡಿದ ವರದಿಗಳಲ್ಲಿ ಅತಿ ಹೆಚ್ಚು ಇರುವ ದೋಷ ಇದು.

ಹಳೆಯ ಬಡಾವಣೆಗಳ ಬಗ್ಗೆ ಒಂದು ಮಾತು. ಬಿಡಿ ಮನೆಗಳಲ್ಲಿ ಮಕ್ಕಳ ಸಂಖ್ಯೆ ಕಟ್ಟಿದ ಕೆಲವು ವರ್ಷ ಏರಿ, ಮಕ್ಕಳು ಬೆಳೆದು ಹೋದ ಮೇಲೆ ಇಳಿದು, ಹಿರಿಯರು ಮಾರಿದಾಗ ಮತ್ತೆ ಏರಬೇಕು. ಆದರೆ ಹಳೆಯ ಸಾಲದ ಕಡಿಮೆ ಬಡ್ಡಿ ಬಿಟ್ಟುಕೊಡಲು ಯಾರೂ ಒಪ್ಪದಿದ್ದಾಗ, ಇಲ್ಲವೇ ಬೆಲೆ ಎಳೆಯ ದಂಪತಿಗಳ ಕೈಗೆ ಎಟುಕದಿದ್ದಾಗ ಆ ಎರಡನೇ ಏರಿಕೆ ಬರುವುದೇ ಇಲ್ಲ. ಆದ್ದರಿಂದ ವರ್ಷಕ್ಕೆ ಎಷ್ಟು ಮನೆ ಕೈ ಬದಲಾಯಿಸಿದವು, ಅವುಗಳಲ್ಲಿ ಮಕ್ಕಳು ಎಷ್ಟು ಬಂದರು ಅನ್ನುವುದನ್ನೂ ಅದೇ ನಕ್ಷೆಯಿಂದ ತೆಗೆಯಿರಿ.

ಬಜೆಟ್ ಪುಟ

ನಕ್ಷೆಗಾರರು ಹೇಳಿದ್ದು ಕಟ್ಟಡಕ್ಕೆ ಸರಿ. ಹಣದ ಕಡೆಯಿಂದ ನೋಡಿದರೆ ನಮಗೆ ಬೇಕಾದದ್ದು ಮುಂದಿನ ಎರಡು ವರ್ಷ, ಅದೂ ಸರಿಯಾದ ತಿಂಗಳಿಗೆ. ಹತ್ತು ವರ್ಷದ ಸುಂದರ ವರದಿ ಏಪ್ರಿಲ್‌ನಲ್ಲಿ ಬಂದರೆ ಆ ವರ್ಷದ ಸಿಬ್ಬಂದಿ ತೀರ್ಮಾನಕ್ಕೆ ಅದು ಉಪಯೋಗವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷಕರಿಗೆ ಕೆಲಸ ಕಡಿತದ ಮೊದಲ ನೋಟಿಸ್ ಮಾರ್ಚ್ 15ರೊಳಗೆ, ಅಂತಿಮ ನೋಟಿಸ್ ಮೇ 15ರೊಳಗೆ ಹೋಗಬೇಕು. ಹಿಂದಕ್ಕೆ ಎಣಿಸಿ: ಅಕ್ಟೋಬರ್‌ನಲ್ಲಿ ಎಣಿಕೆ, ನವೆಂಬರ್‌ನಲ್ಲಿ ಅನುಪಾತ, ಡಿಸೆಂಬರ್‌ನಲ್ಲಿ ಶಾಲಾವಾರು ಕರಡು, ಜನವರಿಯಲ್ಲಿ ಮುಖ್ಯೋಪಾಧ್ಯಾಯರ ಜೊತೆ ಕೂತು ತಿದ್ದುಪಡಿ, ಫೆಬ್ರವರಿಯಲ್ಲಿ ಸೆಕ್ಷನ್‌ಗಳ ಸಂಖ್ಯೆ ಖಚಿತ.

ಹಣ ಯಾವ ಎಣಿಕೆಯ ಮೇಲೆ ಬರುತ್ತದೆ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಷಿಗನ್‌ನಲ್ಲಿ ಅಕ್ಟೋಬರ್ ಎಣಿಕೆಗೆ 90%, ಫೆಬ್ರವರಿ ಎಣಿಕೆಗೆ 10% ತೂಕ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಸರಾಸರಿ ದೈನಿಕ ಹಾಜರಾತಿ ಮುಖ್ಯ. 10,000 ಮಕ್ಕಳ ಜಿಲ್ಲೆಯಲ್ಲಿ ಒಬ್ಬರೂ ಬಿಟ್ಟು ಹೋಗದೆ ಹಾಜರಾತಿ 95%ನಿಂದ 92%ಗೆ ಇಳಿದರೆ 300 ಮಕ್ಕಳ ಹಣ ಹೋಯಿತು. ದಾಖಲಾತಿಯ ಅಂದಾಜು ಪೂರ್ತಿ ಸರಿ ಇದ್ದರೂ ಬಜೆಟ್ ಮುಗ್ಗರಿಸುತ್ತದೆ.

ಕ್ಯಾಲಿಫೋರ್ನಿಯಾ 2022ರಿಂದ ಈ ವರ್ಷದ ಹಾಜರಾತಿ, ಹಿಂದಿನ ವರ್ಷದ್ದು, ಹಿಂದಿನ ಮೂರು ವರ್ಷದ ಸರಾಸರಿ ಈ ಮೂರರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಣ ಕೊಡುತ್ತದೆ. ಇಳಿಯುತ್ತಿರುವ ಜಿಲ್ಲೆಗೆ ಇದು ಉಸಿರಾಡಲು ಸಮಯ ಕೊಡುತ್ತದೆ, ಅಷ್ಟೇ. ಸಮಯವನ್ನು ಬಳಸದೆ ಖರ್ಚನ್ನು ಹಾಗೇ ಮುಂದುವರಿಸಿದವರಿಗೆ ಪೆಟ್ಟು ಒಟ್ಟಿಗೆ ಬೀಳುತ್ತದೆ. ಕೋವಿಡ್ ಪರಿಹಾರವಾಗಿ ಕೇಂದ್ರ ಸರ್ಕಾರ ಮೂರು ಕಂತಿನಲ್ಲಿ ಶಾಲೆಗಳಿಗೆ ಕೊಟ್ಟ ಸುಮಾರು 190 ಬಿಲಿಯನ್ ಡಾಲರ್‌ನ ವಿಷಯದಲ್ಲೂ ಅದೇ ಆಯಿತು. ಕೊನೆಯ ಕಂತಿನ ಗಡುವು 2024ರ ಸೆಪ್ಟೆಂಬರ್ 30 ಇತ್ತು; ಆ ಹಣದಲ್ಲಿ ಕಾಯಂ ಹುದ್ದೆ ತುಂಬಿದ ಕಡೆ ಮಕ್ಕಳ ಇಳಿಕೆಯೂ ಹಣದ ಕೊನೆಯೂ ಒಂದೇ ವರ್ಷಕ್ಕೆ ಬಂದವು.

ಮತ್ತೊಂದು ಮಾತು, ಮಂಡಳಿ ಸಭೆಗಳಲ್ಲಿ ಪ್ರತಿ ಸಲ ವಿವರಿಸಬೇಕಾಗುವುದು. "100 ಮಕ್ಕಳು ಕಡಿಮೆಯಾದರೆ ನಾಲ್ಕು ಶಿಕ್ಷಕರು ಕಡಿಮೆ ಮಾಡಿ" ಅನ್ನುತ್ತಾರೆ. ಆ 100 ಮಕ್ಕಳು 10 ಪ್ರಾಥಮಿಕ ಶಾಲೆಗಳ ಆರಾರು ತರಗತಿಗಳಿಂದ ಹೋಗಿದ್ದರೆ ಒಂದು ಶಾಲೆಯ ಒಂದು ತರಗತಿಗೆ ಎರಡು ಮಕ್ಕಳೂ ಬರುವುದಿಲ್ಲ. ಯಾವ ಸೆಕ್ಷನ್ ಮುಚ್ಚುತ್ತೀರಿ? ಆದಾಯ ಮಗುವಿನ ಜೊತೆ ಹೋಗುತ್ತದೆ, ಖರ್ಚು ಕೊಠಡಿಯ ಜೊತೆ ಉಳಿಯುತ್ತದೆ.

ಕೊಠಡಿಲೆಕ್ಕ

ಸಾಮರ್ಥ್ಯದ ಬಗ್ಗೆ ಯಾರೂ ಬರೆದಿಲ್ಲ. ಅಂದಾಜು ಎಷ್ಟೇ ಚೆನ್ನಾಗಿದ್ದರೂ "ಈ ಶಾಲೆ 77% ತುಂಬಿದೆ" ಅನ್ನುವ ಲೆಕ್ಕದಲ್ಲಿ ಭಾಗಿಸುವ ಸಾಮರ್ಥ್ಯದ ಅಂಕಿಯೇ ತಪ್ಪಿದ್ದರೆ ತೀರ್ಮಾನವೂ ತಪ್ಪು.

26 ಕೊಠಡಿಯ ಪ್ರಾಥಮಿಕ ಶಾಲೆ ತೆಗೆದುಕೊಳ್ಳಿ. ನಕ್ಷೆಯಲ್ಲಿ ಬರೆದಿರುವ ಸಾಮರ್ಥ್ಯ 26 × 25 = 650. ಆದರೆ 2 ಕೊಠಡಿ ವಿಶೇಷ ಶಿಕ್ಷಣಕ್ಕೆ, 1 ಸಂಗೀತಕ್ಕೆ, 1 ಮಾತಿನ ಚಿಕಿತ್ಸೆ ಮತ್ತು ಓದಿನ ನೆರವಿಗೆ. ಉಳಿದದ್ದು 22. ತರಗತಿಗೆ 24 ಮಕ್ಕಳಂತೆ 528. ಎಲ್ಲ ತರಗತಿಯೂ ಸರಿಯಾಗಿ 24ರ ಗುಣಕದಲ್ಲಿ ಬರುವುದಿಲ್ಲ (3ನೇ ತರಗತಿಯಲ್ಲಿ 53 ಇದ್ದರೆ ಮೂರು ಸೆಕ್ಷನ್ ಬೇಕು, ಎರಡಲ್ಲ), ಆದ್ದರಿಂದ 95% ಹಿಡಿದರೆ ಸುಮಾರು 502. ಅಲ್ಲಿ 500 ಮಕ್ಕಳಿದ್ದಾರೆ ಅಂದುಕೊಳ್ಳಿ. ಒಂದು ಲೆಕ್ಕದಲ್ಲಿ 77% ಮಾತ್ರ ತುಂಬಿದ ಶಾಲೆ, ಇನ್ನೊಂದರಲ್ಲಿ ಕಾಲಿಡಲು ಜಾಗವಿಲ್ಲ. ಎರಡನೆಯದೇ ಸತ್ಯ.

ಹೈಸ್ಕೂಲಿಗೆ ಬೇರೆ ಲೆಕ್ಕ. 60 ಕೊಠಡಿ, 28 ಮಕ್ಕಳಂತೆ 1,680. ದಿನಕ್ಕೆ 7 ಪೀರಿಯಡ್, ಪ್ರತಿ ಶಿಕ್ಷಕರಿಗೆ ಒಂದು ಪೀರಿಯಡ್ ತಯಾರಿಗೆ, ಕೊಠಡಿ ಅವರದ್ದೇ ಆಗಿದ್ದರೆ ಅದು 7ರಲ್ಲಿ 6 ಪೀರಿಯಡ್ ಮಾತ್ರ ಬಳಕೆ. 1,440. ಶಿಕ್ಷಕರು ಕೊಠಡಿ ಹಂಚಿಕೊಂಡರೆ ಇದು ಏರುತ್ತದೆ, ಆದರೆ ವಿಜ್ಞಾನದ ಪ್ರಯೋಗಾಲಯವನ್ನು ಇತಿಹಾಸಕ್ಕೆ ಕೊಡಲು ಆಗುವುದಿಲ್ಲ.

ಪೋರ್ಟಬಲ್ ಕೊಠಡಿಗಳನ್ನು (ಬೇರೆಡೆಯಿಂದ ತಂದು ಇಡುವ ತಾತ್ಕಾಲಿಕ ಕೊಠಡಿಗಳು) ಕಾಯಂ ಸಾಮರ್ಥ್ಯದಲ್ಲಿ ಸೇರಿಸಬೇಡಿ. ಕ್ಯಾಲಿಫೋರ್ನಿಯಾದ ಮಾನದಂಡದ ತರಗತಿ 960 ಚದರ ಅಡಿ, ಆ ಅಳತೆಯದನ್ನೇ ತಂದು ಇಟ್ಟರೂ ಊಟದ ಕೋಣೆ, ಶೌಚಾಲಯ, ಗ್ರಂಥಾಲಯ, ಬಸ್ಸು ನಿಲ್ಲುವ ಜಾಗ ಅಷ್ಟಕ್ಕೇ ಇರುತ್ತವೆ. ಊಟದ ಪಾಳಿ ಮೂರರಿಂದ ಐದಕ್ಕೆ ಏರಿ ಮೊದಲ ಪಾಳಿಯವರು ಹತ್ತೂವರೆಗೆ ಉಣ್ಣಬೇಕಾಗುತ್ತದೆ.

ಆದರೂ ಐದಾರು ವರ್ಷದ ಉಬ್ಬರಕ್ಕೆ ಪೋರ್ಟಬಲ್ಲೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹೊಸ ಶಾಲೆಗೆ ಬಾಂಡ್ ಮತದಾನ (ಕಟ್ಟಡಕ್ಕೆ ಸಾಲ ಎತ್ತಲು ಊರವರ ಒಪ್ಪಿಗೆ), ವಿನ್ಯಾಸ, ರಾಜ್ಯದ ಒಪ್ಪಿಗೆ, ನಿರ್ಮಾಣ ಸೇರಿ ನಾಲ್ಕು ವರ್ಷ ಸುಲಭವಾಗಿ ಹಿಡಿಯುತ್ತದೆ. ಮತ ಹಾಕುವಾಗ ಕಿಂಡರ್‌ಗಾರ್ಟನ್‌ನಲ್ಲಿದ್ದ ಮಗು ಬಾಗಿಲು ತೆರೆಯುವಾಗ 4ನೇ ತರಗತಿ. ಅಷ್ಟರಲ್ಲಿ ಉಬ್ಬರ ದಾಟಿ ಹೋಗಿರುತ್ತದೆ, ಬಾಂಡ್ ಸಾಲ ಮಾತ್ರ ದಶಕಗಳವರೆಗೆ ಇರುತ್ತದೆ.

ಬಸ್‌ದಾರಿ

ಗಡಿ ಬದಲಾವಣೆ ಬಗ್ಗೆ ಸ್ವಲ್ಪ ಹೇಳ್ತೀನಿ. ಕಟ್ಟೋದಕ್ಕೂ ಮುಚ್ಚೋದಕ್ಕೂ ಮುಂಚೆ ನೋಡಬೇಕಾದದ್ದು ಇದು.

ಜಿಲ್ಲೆಯನ್ನು ಸಣ್ಣ ತುಂಡುಗಳಾಗಿ ಮಾಡ್ಕೊಳ್ಳಿ, ಒಂದೊಂದರಲ್ಲಿ ಐವತ್ತರಿಂದ ನೂರು ಮಕ್ಕಳು ಇರೋ ಹಾಗೆ. ಹೆದ್ದಾರಿ, ರೈಲು ಹಳಿ, ನದಿ ಇವನ್ನ ದಾಟದ ಹಾಗೆ. ಅಪಾರ್ಟ್‌ಮೆಂಟ್ ಸಮುಚ್ಚಯವನ್ನ ಎರಡು ತುಂಡಿಗೆ ಹಂಚಬೇಡಿ. ಆಮೇಲೆ ಯಾವ ತುಂಡು ಯಾವ ಶಾಲೆಗೆ ಅಂತ ಆಡಿಸಿ ನೋಡಬಹುದು; ಪ್ರತಿ ಆಯ್ಕೆಗೂ ಐದು ವರ್ಷದ ನಂತರದ ಅಂಕಿ ಹಾಕಿ ನೋಡಿ, ಇವತ್ತಿನದ್ದಲ್ಲ. ಇವತ್ತಿನ ಅಂಕಿಗೆ ಗಡಿ ಎಳೆದ ಜಿಲ್ಲೆ ಮೂರು ವರ್ಷದಲ್ಲಿ ಮತ್ತೆ ಅದೇ ಮನೆಗಳನ್ನ ಎಬ್ಬಿಸುತ್ತೆ. ಒಂದೇ ಕುಟುಂಬವನ್ನ ಎರಡು ಸಲ ಶಾಲೆ ಬದಲಾಯಿಸಿದರೆ ಮೂರನೇ ಸಲ ಅವರು ನಿಮ್ಮ ಜಿಲ್ಲೆಯಲ್ಲೇ ಇರಲ್ಲ.

ಕೊನೆಯ ತರಗತಿಯಲ್ಲಿರೋ ಮಕ್ಕಳನ್ನ ಹಳೇ ಶಾಲೆಯಲ್ಲೇ ಮುಗಿಸೋಕೆ ಬಿಡೋದು ನ್ಯಾಯ. ಆದರೆ ಅದಕ್ಕೆ ಬಸ್ ಕೊಡ್ತೀರಾ ಇಲ್ವಾ ಅಂತ ಮೊದಲೇ ಹೇಳಬೇಕು. ಕೊಟ್ಟರೆ ಒಂದೇ ಬೀದಿಗೆ ಎರಡು ಬಸ್, ಒಂದೆರಡು ವರ್ಷ. ತಮ್ಮ ತಂಗಿಯರಿಗೂ ಅವಕಾಶ ಅಂದರೆ ಅದು ಆರು ವರ್ಷದವರೆಗೂ ಎಳೆಯುತ್ತೆ, ಗಡಿ ಬದಲಾಯಿಸಿದ ಫಲ ಕಾಣೋದೇ ಇಲ್ಲ.

ವರ್ಗ, ಜನಾಂಗದ ಸಮತೋಲನಾನೂ ನೋಡಬೇಕು. 2007ರಲ್ಲಿ ಸಿಯಾಟಲ್ ಜಿಲ್ಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದೊಂದು ಮಗುವಿನ ಜನಾಂಗ ನೋಡಿ ಶಾಲೆ ಹಂಚೋ ಯೋಜನೆಯನ್ನ ತಳ್ಳಿಹಾಕಿತು. ಬಡಾವಣೆಗಳ ಜನಸಂಖ್ಯೆಯ ಚಿತ್ರ ನೋಡಿ ಗಡಿ ಎಳೆಯೋದನ್ನ ಬಹುಮತದಲ್ಲಿದ್ದ ನ್ಯಾಯಮೂರ್ತಿ ಕೆನಡಿ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಒಪ್ಪಿದ್ದರು. ವಕೀಲರನ್ನ ಮೊದಲ ಕರಡಿಗೇ ಕೂರಿಸಿ, ಕೊನೆಯದಕ್ಕಲ್ಲ.

ಅಂಕಿಮನೆ

ಬಸ್‌ದಾರಿ ಅವರು ಹೇಳಿದ ಐದು ವರ್ಷದ ನಂತರದ ಅಂಕಿ ಅಷ್ಟು ಸಣ್ಣ ತುಂಡಿಗೆ ನಿಲ್ಲುತ್ತದೆಯೇ? ಒಂದು ತರಗತಿಯಲ್ಲಿ 60 ಮಕ್ಕಳಿರುವ ಶಾಲೆಯಲ್ಲೇ ಯಾವ ಕಾರಣವೂ ಇಲ್ಲದೆ ಏಳೆಂಟು ಮಕ್ಕಳ ಹೆಚ್ಚುಕಡಿಮೆ ಸಹಜ. 15 ಮಕ್ಕಳಿಗೆ ಅನುಪಾತ ಹಾಕಿದರೆ ಅದು ಬರೀ ಅಲುಗಾಟ.

ಬಸ್‌ದಾರಿ

ತುಂಡಿಗೆ ನಿಲ್ಲಲ್ಲ ಸರ್, ಒಪ್ತೀನಿ. ತುಂಡುಗಳನ್ನ ಕೂಡಿಸಿ ಶಾಲೆಯ ಮಟ್ಟಕ್ಕೆ ತಂದ ಮೇಲೆ ಮಾತ್ರ ನೋಡಬೇಕು. ಶಾಲೆಗಳ ಮೊತ್ತ ಜಿಲ್ಲೆಯ ಒಟ್ಟು ಅಂದಾಜಿಗೆ ಸರಿಹೊಂದೋ ಹಾಗೆ ಮಾಡೋದನ್ನೂ ಬಿಡಬಾರದು. ಶಾಲೆಗಳ ಮೊತ್ತ 10,400 ಬಂದು ಜಿಲ್ಲೆಯದ್ದು 10,000 ಇದ್ದರೆ ಪ್ರತಿ ಶಾಲೆಯನ್ನೂ 10,000/10,400ರಿಂದ ಗುಣಿಸಿ, ತರಗತಿವಾರು. ಒಟ್ಟು ಅಂಕಿಯನ್ನ ಹೆಚ್ಚು ನಂಬಬಹುದು, ಬಿಡಿ ಅಂಕಿಯನ್ನಲ್ಲ.

ಬಜೆಟ್ ಪುಟ

ಶಾಲೆ ಮುಚ್ಚುವ ವಿಷಯ ಬಂದೇ ಬರುತ್ತದೆ, ಆದ್ದರಿಂದ ಮೊದಲೇ ಹೇಳುತ್ತೇನೆ. ಉಳಿತಾಯ ಜನ ಅಂದುಕೊಂಡಷ್ಟು ಇರುವುದಿಲ್ಲ. ಶಿಕ್ಷಕರಲ್ಲಿ ಹೆಚ್ಚಿನವರು ಮಕ್ಕಳ ಹಿಂದೆಯೇ ಹೋಗುತ್ತಾರೆ. ಉಳಿತಾಯವಾಗುವುದು ಮುಖ್ಯೋಪಾಧ್ಯಾಯರು, ಕಚೇರಿ ಸಿಬ್ಬಂದಿ, ನರ್ಸ್, ಗ್ರಂಥಪಾಲಕರು, ಸ್ವಚ್ಛತೆಯವರು ಇವರ ಸಂಬಳ, ಜೊತೆಗೆ ವಿದ್ಯುತ್ತು ಮತ್ತು ಕಟ್ಟಡ ಬೆಚ್ಚಗಿಡುವ ಖರ್ಚು. ಇದರಲ್ಲಿ ಕಳೆಯಬೇಕಾದದ್ದು: ಹೆಚ್ಚುವರಿ ಬಸ್, ಸ್ಥಳಾಂತರ, ಸೇರಿಸಿಕೊಳ್ಳುವ ಶಾಲೆಯ ದುರಸ್ತಿ, ಖಾಲಿ ಕಟ್ಟಡದ ವಿಮೆ ಮತ್ತು ಕಾವಲು, ಮತ್ತು ಸಿಟ್ಟಿನಿಂದ ಜಿಲ್ಲೆಯನ್ನೇ ಬಿಡುವ ಮಕ್ಕಳ ಹಣ. ಕೊನೆಯದನ್ನು ವರದಿಯಲ್ಲಿ ಸೊನ್ನೆ ಅಂತ ಬರೆದಿದ್ದರೆ ಆ ವರದಿಯನ್ನು ವಾಪಸ್ ಕಳಿಸಿ. 300 ಮಕ್ಕಳ ಶಾಲೆ ಮುಚ್ಚಿದಾಗ 30 ಮಂದಿ ಹೊರಗೆ ಹೋದರೂ ಉಳಿತಾಯದ ದೊಡ್ಡ ಪಾಲು ಅಲ್ಲೇ ಹೋಗಬಹುದು.

ಬಾಂಡ್ ಹಣ ಕಟ್ಟಡಕ್ಕೆ ಮಾತ್ರ, ಸಂಬಳಕ್ಕೆ ಬಳಸುವಂತಿಲ್ಲ. "ಹೊಸ ಛಾವಣಿ ಹಾಕಿದಿರಿ, ಶಿಕ್ಷಕರನ್ನು ಯಾಕೆ ಕಡಿಮೆ ಮಾಡಿದಿರಿ" ಅನ್ನುವ ಪ್ರಶ್ನೆಗೆ ಉತ್ತರ ಇದೇ, ಇದನ್ನು ಸಭೆಗೆ ಮುಂಚೆಯೇ ತಿಳಿಸಿ. ಕಟ್ಟಡ ಮಾರುವುದೂ ಅಷ್ಟು ಸರಾಗವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚುವರಿ ಆಸ್ತಿ ಮಾರುವ ಅಥವಾ ಬಾಡಿಗೆಗೆ ಕೊಡುವ ಮುಂಚೆ ಸಾಮಾನ್ಯವಾಗಿ 7ರಿಂದ 11 ಸದಸ್ಯರ ಸಲಹಾ ಸಮಿತಿ ಕೂರಬೇಕು.

2013ರಲ್ಲಿ ಷಿಕಾಗೋ ಒಂದೇ ಸಲಕ್ಕೆ ಸುಮಾರು 50 ಶಾಲೆ ಮುಚ್ಚಲು ತೀರ್ಮಾನಿಸಿತು. ಮುಚ್ಚಿದವು ಬಹುಪಾಲು ಕಪ್ಪು ಜನರ ಬಡಾವಣೆಗಳಲ್ಲಿದ್ದವು, ಕಟ್ಟಡಗಳಲ್ಲಿ ಎಷ್ಟೋ ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ಶೇಕಡಾವಾರು ಬಳಕೆಯ ಒಂದೇ ಅಂಕಿ ಹಿಡಿದು ಹೋಗುವವರು ಆ ದಾಖಲೆಗಳನ್ನು ಓದಬೇಕು. ಕೊಠಡಿಲೆಕ್ಕ ಅವರು ಹೇಳಿದ 650ಕ್ಕೂ 502ಕ್ಕೂ ಇರುವ ಜಗಳವೇ ಅಲ್ಲೂ ನಡೆಯಿತು. ವಿಶೇಷ ಶಿಕ್ಷಣದ ಕೊಠಡಿಗಳನ್ನು ಹೇಗೆ ಎಣಿಸಿದಿರಿ ಅನ್ನುವುದೇ ಪೋಷಕರ ದೊಡ್ಡ ಪ್ರಶ್ನೆಯಾಗಿತ್ತು.

ನನ್ನ ಪ್ರಕಾರ ಕ್ರಮ ಹೀಗಿರಬೇಕು: ಮೊದಲು ಹಳೆಯ ಪೋರ್ಟಬಲ್ ತೆಗೆಯಿರಿ, ಆಮೇಲೆ ಗಡಿ ಸರಿಮಾಡಿ, ಆಮೇಲೆ ಖಾಲಿ ಕೊಠಡಿಗಳಲ್ಲಿ ಶಾಲಾಪೂರ್ವ ತರಗತಿಗೆ ಜಾಗ ಕೊಡಿ. ಇಷ್ಟೆಲ್ಲ ಆಗಿ ಇನ್ನೂ ಎರಡು ಪಕ್ಕದ ಶಾಲೆಗಳಲ್ಲಿ ತರಗತಿಗೆ ಒಂದೊಂದೇ ಸೆಕ್ಷನ್ ಉಳಿದರೆ ಆಗ ಸೇರಿಸುವ ಮಾತು. ಒಂದೇ ಸೆಕ್ಷನ್ ಇದ್ದರೆ 31 ಮಕ್ಕಳು ಬಂದಾಗ ಒಡೆಯಲೂ ಆಗದು, ಇಡಲೂ ಆಗದು.

ಸಂಪಿಗೆ

ಕೊನೆಯದಾಗಿ ಒಂದು ಪ್ರಶ್ನೆ. ಸಲಹೆಗಾರ ಸಂಸ್ಥೆ ವರದಿ ತಂದು ಮಂಡಳಿಯ ಮುಂದೆ ಇಟ್ಟಿದೆ ಅಂದುಕೊಳ್ಳಿ. ಅದು ನಂಬಿಕೆಗೆ ಯೋಗ್ಯವೇ ಅಂತ ಒಂದು ಸಂಜೆಯಲ್ಲಿ ಪರೀಕ್ಷಿಸುವುದು ಹೇಗೆ?

ಗಣಿತಪ್ರಿಯ

ಹಿಂದಿನ ವರ್ಷದಲ್ಲಿ ನಿಂತು ಲೆಕ್ಕ ಹಾಕಿಸಿ. 2021ರವರೆಗಿನ ಅಂಕಿ ಮಾತ್ರ ಕೊಟ್ಟು, ಅದೇ ವಿಧಾನದಲ್ಲಿ 2024ನ್ನು ಅಂದಾಜು ಮಾಡಲು ಹೇಳಿ, ನಿಜವಾದ 2024ರ ಜೊತೆ ಹೋಲಿಸಿ. ಸಾಂಕ್ರಾಮಿಕದ ಗೊಂದಲ ಇಲ್ಲದ ಒಂದು ಜೋಡಿಯೂ ಇರಲಿ, 2015ರಿಂದ 2018.

ಎರಡು ಅಂಕಿ ತೆಗೆಯಿರಿ. ಒಂದು, ಚಿಹ್ನೆ ಬಿಟ್ಟು ಶಾಲೆಗಳ ಸರಾಸರಿ ತಪ್ಪು. ಇನ್ನೊಂದು, ಚಿಹ್ನೆ ಸಮೇತ. ಐದು ಶಾಲೆ +6%, ಅಷ್ಟೇ ಗಾತ್ರದ ಐದು ಶಾಲೆ −6% ಆಗಿದ್ದರೆ ಜಿಲ್ಲೆಯ ಒಟ್ಟು ಸೊಗಸಾಗಿ ಹೊಂದುತ್ತದೆ, ಆದರೆ ಪ್ರತಿ ಶಾಲೆಯೂ ತಪ್ಪು. "ನಮ್ಮ ಅಂದಾಜು 99% ನಿಖರ" ಅಂತ ಮುಖಪುಟದಲ್ಲಿ ಇದ್ದರೆ ಅದು ಯಾವ ಮಟ್ಟದ್ದು, ಎಷ್ಟು ವರ್ಷ ಮುಂದಿನದು ಅಂತ ಕೇಳಿ. ಜಿಲ್ಲೆಯ ಒಟ್ಟಿಗೆ ಒಂದು ವರ್ಷ ಮುಂದೆ 1% ತಪ್ಪು ದೊಡ್ಡ ಸಾಧನೆಯೇನಲ್ಲ. 13 ಬ್ಯಾಚ್‌ಗಳಲ್ಲಿ 12 ಆಗಲೇ ಶಾಲೆಯಲ್ಲಿವೆ. ಕಿಂಡರ್‌ಗಾರ್ಟನ್ ಒಂದರ ತಪ್ಪು ಎಷ್ಟು ಅಂತ ಬೇರೆಯಾಗಿ ಕೇಳಿ, ವಿಧಾನದ ಗಟ್ಟಿತನ ಗೊತ್ತಾಗುವುದು ಅಲ್ಲಿ. ಐದು ವರ್ಷ ದಾಟಿದ ಕಿಂಡರ್‌ಗಾರ್ಟನ್ ಅಂಕಿಗಳು ಇನ್ನೂ ಹುಟ್ಟದ ಮಕ್ಕಳದ್ದು, ಅಲ್ಲಿ ಒಂದೇ ಅಂಕಿ ಕೊಟ್ಟಿದ್ದರೆ ಒಪ್ಪಬೇಡಿ. ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಬೇಕು, ಯಾವ ಊಹೆಯಿಂದ ಯಾವುದು ಬಂತು ಅನ್ನುವುದು ಬರೆದಿರಬೇಕು.

ಜೊತೆಗೆ ಈ ಮೂರನ್ನು ಹುಡುಕಿ: ಪ್ರತಿ ಅನುಪಾತದ ಕೋಷ್ಟಕ ಅನುಬಂಧದಲ್ಲಿ ಇದೆಯೇ, 2020 ಮತ್ತು 2021ನ್ನು ಏನು ಮಾಡಿದರು, ಹೊಸ ಮನೆಗಳ ಮಕ್ಕಳನ್ನು ಕೂಡಿಸುವ ಮುನ್ನ ಅನುಪಾತದಿಂದ ಹಳೆಯ ನಿರ್ಮಾಣದ ಭಾಗ ಕಳೆದರೇ. ಮೂರರಲ್ಲಿ ಒಂದಕ್ಕೂ ಉತ್ತರ ಇಲ್ಲದಿದ್ದರೆ ಕರಾರಿನ ಕೊನೆಯ ಕಂತು ತಡೆಹಿಡಿದು ಸ್ಪ್ರೆಡ್‌ಶೀಟ್ ಕೇಳಿ, ಪಿಡಿಎಫ್ ಅಲ್ಲ. ಮುಂದಿನ ಅಕ್ಟೋಬರ್‌ನಲ್ಲಿ ಹೊಸ ಎಣಿಕೆ ಬಂದಾಗ ನಿಮ್ಮ ಸಿಬ್ಬಂದಿಯೇ ಅದನ್ನು ತುಂಬಿ ಮತ್ತೆ ಓಡಿಸಲು ಆಗಬೇಕು.